ವಿಪತ್ತಿನ ಹೊತ್ತಿನಲ್ಲಿ ಶುಶ್ರೂಷೆ: ನರ್ಸಿಂಗ್ ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

ರಾತ್ರಿ ಹನ್ನೊಂದು ಗಂಟೆಗೆ ಹೆದ್ದಾರಿಯಲ್ಲಿ ಬಸ್ಸೊಂದು ಮಗುಚಿ ಇಪ್ಪತ್ತೈದು ಮಂದಿ ಗಾಯಗೊಂಡಿದ್ದಾರೆ ಎಂದುಕೊಳ್ಳಿ. ಅವರನ್ನೆಲ್ಲ ಬೆಂಗಳೂರಿನ ದೊಡ್ಡ ಬೋಧನಾ ಆಸ್ಪತ್ರೆಗೆ ಕರೆತಂದರೆ ಅದು ಕ್ಯಾಶುವಾಲ್ಟಿಯವರ ಪಾಲಿಗೆ ಬೆವರಿಳಿಸುವ ರಾತ್ರಿ, ಅಷ್ಟೇ. ಅದೇ ಇಪ್ಪತ್ತೈದು ಮಂದಿ, ಒಬ್ಬ ವೈದ್ಯರು, ಇಬ್ಬರು ಸಿಸ್ಟರ್‌ಗಳು ಮತ್ತು ಎರಡು ಆಮ್ಲಜನಕದ ಸಿಲಿಂಡರ್ ಇರುವ ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಬಂದರೆ ಅದು ವಿಪತ್ತು. ಗಾಯಾಳುಗಳು ಅಷ್ಟೇ ಇದ್ದಾರೆ. ಅಗತ್ಯಕ್ಕೂ ಕೈಯಲ್ಲಿರುವ ಬಲಕ್ಕೂ ನಡುವಿನ ಅಂತರ ಮಾತ್ರ ಹಿಗ್ಗಿದೆ.

2005ರ ವಿಪತ್ತು ನಿರ್ವಹಣಾ ಕಾಯ್ದೆ ಹೇಳುವುದೂ ಇದನ್ನೇ. ಕಾರಣ ನೈಸರ್ಗಿಕವಿರಲಿ, ಮಾನವ ನಿರ್ಮಿತವಿರಲಿ, ಅಪಘಾತವೋ ನಿರ್ಲಕ್ಷ್ಯವೋ ಆಗಿರಲಿ, ಹಾನಿಯು ಆ ಪ್ರದೇಶದ ಸಮುದಾಯ ನಿಭಾಯಿಸಬಲ್ಲ ಶಕ್ತಿಯನ್ನು ಮೀರಿದಾಗ ಅದು ವಿಪತ್ತು. ವ್ಯಾಖ್ಯೆಯನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಎಷ್ಟೋ ಸಲ ಈ ಕೊನೆಯ ತುಣುಕನ್ನೇ ಬಿಟ್ಟು ಬರೆಯುತ್ತಾರೆ. ವಿಪತ್ತಿನ ಶುಶ್ರೂಷೆಯ ತಿರುಳಿರುವುದು ಅಲ್ಲೇ. ಮುಂದೆ ಹೇಳುವ ಹಂತಗಳೆಲ್ಲವೂ ಈ ಅಂತರವನ್ನು ಕಿರಿದು ಮಾಡುವ ಕೆಲಸಗಳು.

ಹಂತ 1: ಅಪಾಯ, ದುರ್ಬಲತೆ, ಸಾಮರ್ಥ್ಯ – ಇವನ್ನು ಬೇರೆ ಬೇರೆಯಾಗಿ ನೋಡಲು ಕಲಿಯಿರಿ

ಭೂಕಂಪ, ಪ್ರವಾಹ, ಬೆಂಕಿ, ಅನಿಲ ಸೋರಿಕೆ ಇವು ಅಪಾಯಗಳು. ಅಪಾಯವೊಂದೇ ವಿಪತ್ತಾಗುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಬೀದರ್, ಕಲಬುರಗಿ ಗಡಿಗೆ ಹತ್ತಿರದ ಲಾತೂರಿನಲ್ಲಿ ನೆಲ ನಡುಗಿತು. ಜಗತ್ತಿನ ಲೆಕ್ಕದಲ್ಲಿ ಅದು ಭಾರೀ ಗಾತ್ರದ ಭೂಕಂಪವಲ್ಲ. ಆದರೂ ಸುಮಾರು 10 ಸಾವಿರ ಜನ ಸತ್ತರು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು, ಮೇಲೆ ಭಾರದ ಮಾಳಿಗೆ, ಒಳಗೆ ಮಲಗಿದ್ದ ಜನ: ದುರ್ಬಲತೆ ಎಂದರೆ ಇದು. ಹತ್ತಿರದಲ್ಲಿ ಆಸ್ಪತ್ರೆ, ರಸ್ತೆ, ತರಬೇತಿ ಪಡೆದವರು, ರಕ್ತನಿಧಿ ಇದ್ದರೆ ಅದು ಸಾಮರ್ಥ್ಯ. ಅಪಾಯ ಮತ್ತು ದುರ್ಬಲತೆ ಹೆಚ್ಚಿದಷ್ಟೂ ಗಂಡಾಂತರ ಬೆಳೆಯುತ್ತದೆ, ಸಾಮರ್ಥ್ಯ ಹೆಚ್ಚಿದಷ್ಟೂ ಇಳಿಯುತ್ತದೆ.

ಮಳೆಯನ್ನು ನಿಲ್ಲಿಸುವುದು ದಾದಿಯ ಕೈಯಲ್ಲಿಲ್ಲ. ಆದರೆ ಒಂದು ಹಳ್ಳಿಯಲ್ಲಿ ಯಾರು ಹೆಚ್ಚು ದುರ್ಬಲರು ಎಂಬುದನ್ನು ಆಕೆಯಷ್ಟು ಚೆನ್ನಾಗಿ ಬಲ್ಲವರು ವಿರಳ. ಸಮುದಾಯ ಆರೋಗ್ಯದ ಪೋಸ್ಟಿಂಗ್‌ಗೆ ಹೋದಾಗ ಆಶಾ ಕಾರ್ಯಕರ್ತೆಯ ಜೊತೆ ಕುಳಿತು ಪಟ್ಟಿ ಮಾಡಿ: ತಿಂಗಳು ತುಂಬುತ್ತಿರುವ ಗರ್ಭಿಣಿಯರು, ಡಯಾಲಿಸಿಸ್‌ಗೆ ಹೋಗುವವರು, ಇನ್ಸುಲಿನ್ ತೆಗೆದುಕೊಳ್ಳುವವರು, ಹಾಸಿಗೆ ಹಿಡಿದವರು, ಒಂಟಿಯಾಗಿರುವ ವೃದ್ಧರು. ಪೋಸ್ಟಿಂಗ್‌ನ ಕೇಸ್ ಬುಕ್ಕಿಗೆ ಇದು ಬೇಕಿಲ್ಲದಿರಬಹುದು. ಹೊಳೆ ಏರಿದ ದಿನ ಮಾತ್ರ ದೋಣಿ ಮೊದಲು ಯಾವ ಮನೆಗೆ ಹೋಗಬೇಕು ಎಂಬುದನ್ನು ಈ ಪಟ್ಟಿಯೇ ತೀರ್ಮಾನಿಸುತ್ತದೆ.

ಹಂತ 2: ಯಾರ ಆದೇಶ ನಡೆಯುತ್ತದೆ ಎಂದು ತಿಳಿದಿರಿ

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಪ್ರಧಾನಿ, ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ, ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ನಿಮಗೆ ನೇರವಾಗಿ ಸಂಬಂಧಿಸಿದ್ದು ಜಿಲ್ಲಾ ಮಟ್ಟ. ಅಲ್ಲಿ ಆರೋಗ್ಯದ ಹೊಣೆ ಜಿಲ್ಲಾ ಆರೋಗ್ಯಾಧಿಕಾರಿಯದು. ಆಸ್ಪತ್ರೆಯೊಳಗೆ, ವಿಪತ್ತು ಯೋಜನೆಯಲ್ಲಿ ಹೆಸರಿಸಿದ ಒಬ್ಬರೇ ಮುಖ್ಯಸ್ಥರು. ಎಲ್ಲರೂ ಆದೇಶ ಕೊಡುವ ಕಡೆ ಯಾರೂ ಕೆಲಸ ಮಾಡುವುದಿಲ್ಲ. ಆದ್ದರಿಂದ ಕರ್ತವ್ಯಕ್ಕೆ ಬಂದ ತಕ್ಷಣ ಒಂದೇ ಪ್ರಶ್ನೆ ಕೇಳಿ: 'ನಾನು ಯಾರಿಗೆ ವರದಿ ಮಾಡಬೇಕು?'

ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108, ಅಗ್ನಿಶಾಮಕಕ್ಕೆ 101, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ರಾಜ್ಯದ ಕೊಠಡಿಗೆ 1070. ಇವು ಮೊಬೈಲಿನಲ್ಲೂ ಇರಲಿ, ವಾರ್ಡಿನ ಗೋಡೆಯ ಮೇಲೂ ಇರಲಿ.

ಹಂತ 3: ಏನೂ ಆಗದ ದಿನಗಳಲ್ಲಿ ಸಿದ್ಧರಾಗಿ

ವಿಪತ್ತು ನಿರ್ವಹಣೆಯನ್ನು ಪುಸ್ತಕಗಳು ಚಕ್ರವಾಗಿ ಬಿಡಿಸುತ್ತವೆ: ತೀವ್ರತೆ ತಗ್ಗಿಸುವುದು, ಸನ್ನದ್ಧತೆ, ಪ್ರತಿಸ್ಪಂದನೆ, ಪುನಶ್ಚೇತನ. ಚಿತ್ರ ಬಿಡಿಸಿ ಅಂಕ ಪಡೆಯುವುದು ಸುಲಭ. ಈ ಚಕ್ರ ನೆಲದ ಮೇಲೆ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಕೃಷ್ಣಾ ತೀರವನ್ನು ನೋಡಿ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಸುರಿದ ಮಳೆ ಚಿಕ್ಕೋಡಿ, ಅಥಣಿ, ಜಮಖಂಡಿಯ ಹೊಳೆದಂಡೆಯನ್ನು ತಕ್ಷಣವೇ ಮುಟ್ಟುವುದಿಲ್ಲ. 2019ರಲ್ಲಿ ಮುಳುಗಿದ ಸೀಮೆಯಲ್ಲಿ 2021ರಲ್ಲೂ ನೀರು ನುಗ್ಗಿತು. ಅಂದರೆ ಇಲ್ಲಿ ಒಂದು ಪ್ರವಾಹದ ಪುನಶ್ಚೇತನ ಮುಗಿಯುವ ಮೊದಲೇ ಮುಂದಿನದರ ಸಿದ್ಧತೆ ಆರಂಭವಾಗಬೇಕು. ಮೇಲಿನಿಂದ ನೀರು ಬಿಟ್ಟ ಸುದ್ದಿ ಬಂದಾಗಲೇ ಗರ್ಭಿಣಿಯರನ್ನು ದಡದಿಂದ ದೂರದ ಆಸ್ಪತ್ರೆಗೆ ಸಾಗಿಸಬಹುದು. ರಸ್ತೆ ಮುಳುಗಿದ ಮೇಲೆ ಅದೇ ಕೆಲಸಕ್ಕೆ ದೋಣಿ ಬೇಕು, ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ಬೇಕು, ಅದೃಷ್ಟವೂ ಬೇಕು.

ವಾರ್ಡಿನಲ್ಲಿ ನೀವು ಮಾಡಬಹುದಾದ ಸಿದ್ಧತೆ:

- ವಿಪತ್ತು ಕಪಾಟಿನ ಬೀಗದ ಕೈ ರಾತ್ರಿ ಪಾಳಿಯಲ್ಲಿ ಯಾರ ಬಳಿ ಇರುತ್ತದೆ ಎಂದು ತಿಳಿದಿರಿ. ಕೈ ಸಿಗದ ಕಪಾಟು ಇದ್ದೂ ಇಲ್ಲದಂತೆ.
- ಕ್ಯಾನುಲಾ, ನಾರ್ಮಲ್ ಸಲೈನ್, ಟೂರ್ನಿಕೆಟ್ (ರಕ್ತಸ್ರಾವ ತಡೆಯಲು ಬಿಗಿಯುವ ಪಟ್ಟಿ), ಡ್ರೆಸ್ಸಿಂಗ್, ಗ್ಲೌಸ್, ಬಣ್ಣದ ಚೀಟಿ, ದಪ್ಪ ಮಾರ್ಕರ್ ಪೆನ್ನು, ಟಾರ್ಚ್ ಇವೆಯೇ, ಅವಧಿ ಮೀರಿಲ್ಲವೇ ಎಂದು ತಿಂಗಳಿಗೊಮ್ಮೆ ನೋಡಿ.
- ಸಿಬ್ಬಂದಿಯ ಕರೆ ಸರಪಳಿ ಇರಲಿ: ಒಬ್ಬರು ಇಬ್ಬರಿಗೆ, ಆ ಇಬ್ಬರು ತಲಾ ಇಬ್ಬರಿಗೆ ಕರೆ ಮಾಡುವುದು. ವಾಟ್ಸ್‌ಆ್ಯಪ್ ಗುಂಪನ್ನು ಮಾತ್ರ ನಂಬಬೇಡಿ. ಮಲಗಿದವರು ಸಂದೇಶ ಓದುವುದಿಲ್ಲ.
- ಕೃತಕ ಉಸಿರಾಟದ ಯಂತ್ರದಲ್ಲಿರುವ ರೋಗಿಗಳಿಗೆ ವಿದ್ಯುತ್ ಹೋದರೆ ಕೈಯಿಂದ ಒತ್ತುವ ಆಂಬು ಬ್ಯಾಗ್ ಹಾಸಿಗೆಯ ಪಕ್ಕದಲ್ಲೇ ಇರಲಿ.

ಆಸ್ಪತ್ರೆಯೇ ವಿಪತ್ತಿಗೆ ಸಿಲುಕಬಹುದು ಎಂಬುದನ್ನೂ ಮರೆಯಬಾರದು. 2011ರ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೊತ್ತಿದ ಬೆಂಕಿಯಿಂದ ಸುಮಾರು 90 ಮಂದಿ ಸತ್ತರು. ಹೆಚ್ಚಿನವರನ್ನು ಕೊಂದದ್ದು ಮೇಲಿನ ಮಹಡಿಗಳಿಗೆ ಹಬ್ಬಿದ ಹೊಗೆ. ಆದ್ದರಿಂದ ಬೆಂಕಿ ಬಿದ್ದಾಗ ಕ್ರಮ ಹೀಗಿರಲಿ: ಕೂಡಲೇ ಅಪಾಯದಲ್ಲಿರುವ ರೋಗಿಯನ್ನು ಸರಿಸಿ, ಎಚ್ಚರಿಕೆ ಗಂಟೆ ಒತ್ತಿ, ಬಾಗಿಲು ಮುಚ್ಚಿ ಹೊಗೆಯನ್ನು ಕಟ್ಟಿಹಾಕಿ, ಬೆಂಕಿ ಚಿಕ್ಕದಿದ್ದರೆ ಮಾತ್ರ ಆರಿಸಿ, ಇಲ್ಲದಿದ್ದರೆ ಹೊರಡಿ. ಆ ವಾರ್ಡಿನ ಆಮ್ಲಜನಕದ ಕವಾಟ ಎಲ್ಲಿದೆ, ಅದನ್ನು ಮುಚ್ಚಲು ಯಾರು ಹೇಳಬೇಕು ಎಂಬುದು ಮೊದಲೇ ಗೊತ್ತಿರಲಿ. ಮೆಟ್ಟಿಲು ಇಳಿಸುವುದಕ್ಕಿಂತ ಅದೇ ಮಹಡಿಯ ಸುರಕ್ಷಿತ ಭಾಗಕ್ಕೆ ಸಾಗಿಸುವುದು ಬೇಗ ಆಗುತ್ತದೆ. ಲಿಫ್ಟ್ ಬೇಡ. ಸ್ಟ್ರೆಚರ್ ಸಿಗದಿದ್ದರೆ ರೋಗಿಯನ್ನು ಹಾಸಿಗೆ ಹೊದಿಕೆಯ ಸಮೇತ ನೆಲದ ಮೇಲೆ ಎಳೆದೊಯ್ಯಬಹುದು.

ಅಣಕು ಕಾರ್ಯಾಚರಣೆಗಳ ಬಗ್ಗೆ ಒಂದು ಮಾತು. ವಾರದ ಮೊದಲೇ ಸುತ್ತೋಲೆ ಹೊರಡಿಸಿ, ಬೆಳಗ್ಗೆ ಹತ್ತೂವರೆಗೆ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ನಡೆಸುವ ಕಾರ್ಯಾಚರಣೆ ಪತ್ರಿಕೆಯ ಫೋಟೊಗೆ ಒದಗುತ್ತದೆ. ಭಾನುವಾರ ರಾತ್ರಿ ಎರಡು ಗಂಟೆಗೆ ಹೇಳದೆ ನಡೆಸಿದರೆ ಮಾತ್ರ ಆಸ್ಪತ್ರೆಯ ನಿಜಸ್ಥಿತಿ ತಿಳಿಯುತ್ತದೆ.

ಹಂತ 4: ಕರೆ ಬಂದ ಮೊದಲ ಹತ್ತು ನಿಮಿಷ

ಫೋನ್ ಎತ್ತಿಕೊಂಡವರು ನೀವೇ ಆಗಿರಬಹುದು. ಗಾಬರಿಯಲ್ಲಿ 'ಬೇಗ ಕಳಿಸಿ' ಎಂದು ಇಟ್ಟುಬಿಡಬೇಡಿ. ಸ್ಥಳ ನಿಖರವಾಗಿ ಎಲ್ಲಿ? ಯಾವ ಬಗೆಯ ಘಟನೆ? ಬೆಂಕಿ, ಅನಿಲ, ತಂತಿ, ಕುಸಿಯುವ ಮಣ್ಣು ಹೀಗೆ ಇನ್ನೂ ಇರುವ ಅಪಾಯವೇನು? ಯಾವ ದಾರಿಯಲ್ಲಿ ಬರಬಹುದು? ಗಾಯಾಳುಗಳು ಎಷ್ಟು, ಮಕ್ಕಳೆಷ್ಟು? ಯಾರು ಈಗಾಗಲೇ ತಲುಪಿದ್ದಾರೆ? ಇಷ್ಟನ್ನು ಸಮಯದೊಂದಿಗೆ ಬರೆದುಕೊಳ್ಳಿ, ಕರೆ ಮಾಡಿದವರ ಸಂಖ್ಯೆಯನ್ನೂ. ನಂತರ ಕರ್ತವ್ಯದ ವೈದ್ಯರಿಗೆ ಮತ್ತು ನರ್ಸಿಂಗ್ ಮೇಲ್ವಿಚಾರಕರಿಗೆ ತಿಳಿಸಿ.

ಅಲ್ಲಿಂದ ಜಾಗ ಮಾಡುವ ಕೆಲಸ. ಕ್ಯಾಶುವಾಲ್ಟಿಯಲ್ಲಿ ಸ್ಥಿರವಾಗಿರುವವರನ್ನು ವಾರ್ಡಿಗೆ, ವಾರ್ಡಿನಲ್ಲಿ ಮನೆಗೆ ಹೋಗಬಲ್ಲವರನ್ನು ವೈದ್ಯರ ಒಪ್ಪಿಗೆಯೊಂದಿಗೆ ಮನೆಗೆ. ಒಳಬರಲು ಒಂದೇ ಬಾಗಿಲು, ಆ ಬಾಗಿಲಲ್ಲೇ ವಿಂಗಡಣೆ. ಕೆಂಪು (ತಕ್ಷಣ ಚಿಕಿತ್ಸೆ ಬೇಕಾದವರು), ಹಳದಿ (ಸ್ವಲ್ಪ ಕಾಯಬಲ್ಲವರು), ಹಸಿರು (ಸಣ್ಣ ಗಾಯದವರು) ವಿಭಾಗಗಳಿಗೆ ಬೇರೆ ಬೇರೆ ಜಾಗ. ಸಂಬಂಧಿಕರಿಗೆ ಇನ್ನೂ ದೂರದ ಜಾಗ.

ಇಲ್ಲಿ ಅನುಭವಸ್ಥರು ಹೇಳುವ ಒಂದು ಗುಟ್ಟಿದೆ. ಮೊದಲು ಬರುವವರು ಆಟೊ, ಟೆಂಪೊ, ಬೈಕು ಹತ್ತಿ ತಾವೇ ಬಂದ ಸಣ್ಣ ಗಾಯದವರು. ಅವಶೇಷದಡಿ ಸಿಕ್ಕವರು, ಆಂಬುಲೆನ್ಸ್‌ಗೆ ಕಾದವರು ಆಮೇಲೆ ಬರುತ್ತಾರೆ. ಮೊದಲ ಅಲೆಗೇ ಎಲ್ಲ ಹಾಸಿಗೆಗಳನ್ನು ಕೊಟ್ಟುಬಿಟ್ಟರೆ ಎರಡನೆಯ ಅಲೆ ನೆಲದ ಮೇಲೆ ಮಲಗುತ್ತದೆ.

ಹಂತ 5: ಟ್ರಯಾಜ್ (ಗಾಯಾಳುಗಳ ವಿಂಗಡಣೆ)

ಎಂದಿನ ದಿನದಲ್ಲಿ ನಾವು ಎದುರಿಗಿರುವ ಒಬ್ಬ ರೋಗಿಗೆ ನಮ್ಮಲ್ಲಿರುವ ಎಲ್ಲವನ್ನೂ ಕೊಡುತ್ತೇವೆ. ವಿಪತ್ತಿನಲ್ಲಿ ಇರುವಷ್ಟರಲ್ಲೇ ಹೆಚ್ಚು ಜನರನ್ನು ಉಳಿಸಬೇಕು. ಮನಸ್ಸು ಒಪ್ಪದ ಕೆಲಸ ಇದು. ಹಾಗಾಗಿಯೇ ನಿಯಮ ಬೇಕು. ಇನ್ನೂರು ವರ್ಷಗಳ ಹಿಂದೆ ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಲಾರೆ, ಗಾಯದ ತೀವ್ರತೆ ನೋಡಿ ಚಿಕಿತ್ಸೆ ಕೊಡಬೇಕು, ಸೈನಿಕನ ಹುದ್ದೆ ನೋಡಿ ಅಲ್ಲ ಎಂದು ಪಟ್ಟು ಹಿಡಿದಿದ್ದ. 'ನಮ್ಮ ಸಾಹೇಬರ ಮಗನನ್ನು ಮೊದಲು ನೋಡಿ' ಎನ್ನುವವರು ಇಂದಿಗೂ ಬಾಗಿಲಲ್ಲಿ ನಿಂತಿರುತ್ತಾರೆ.

ಹೆಚ್ಚು ಬಳಕೆಯಲ್ಲಿರುವುದು 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ಸ್ಟಾರ್ಟ್ ಪದ್ಧತಿ. ಒಬ್ಬರಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಕೊಡಬಾರದು.

1. 'ನಡೆಯಬಲ್ಲವರು ಆ ಮರದ ಬಳಿ ಬನ್ನಿ' ಎಂದು ಕೂಗಿ. ನಡೆದು ಬಂದವರೆಲ್ಲ ಹಸಿರು.
2. ಉಳಿದವರಲ್ಲಿ ಹತ್ತಿರದವರಿಂದ ಆರಂಭಿಸಿ. ಉಸಿರಾಟವಿಲ್ಲವೇ? ಗದ್ದ ಎತ್ತಿ ಅಥವಾ ದವಡೆ ಮುಂದೆ ತಂದು ಶ್ವಾಸಮಾರ್ಗ ತೆರೆಯಿರಿ. ಉಸಿರು ಬಂದರೆ ಕೆಂಪು, ಬರದಿದ್ದರೆ ಕಪ್ಪು (ಉಳಿಯುವ ಸಾಧ್ಯತೆ ಕಾಣದವರು).
3. ಉಸಿರಾಟ ನಿಮಿಷಕ್ಕೆ 30ಕ್ಕಿಂತ ಹೆಚ್ಚಿದ್ದರೆ ಕೆಂಪು.
4. 30ರೊಳಗಿದ್ದರೆ ಮಣಿಕಟ್ಟಿನ ನಾಡಿ ನೋಡಿ. ನಾಡಿ ಸಿಗದಿದ್ದರೆ, ಅಥವಾ ಉಗುರು ಒತ್ತಿ ಬಿಟ್ಟಾಗ ಬಣ್ಣ ಮರಳಲು 2 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕೆಂಪು.
5. ನಾಡಿ ಸರಿಯಿದ್ದರೆ 'ನನ್ನ ಕೈ ಹಿಸುಕಿ' ಎನ್ನಿ. ಹೇಳಿದಂತೆ ಮಾಡದಿದ್ದರೆ ಕೆಂಪು, ಮಾಡಿದರೆ ಹಳದಿ.

ಈ ಹೊತ್ತಿನಲ್ಲಿ ಮಾಡಬಹುದಾದ ಚಿಕಿತ್ಸೆ ಎರಡೇ: ಶ್ವಾಸಮಾರ್ಗ ತೆರೆಯುವುದು, ಧಾರಾಕಾರ ರಕ್ತಸ್ರಾವ ತಡೆಯುವುದು. ಟೂರ್ನಿಕೆಟ್ ಬಿಗಿದರೆ ಬಿಗಿದ ಸಮಯವನ್ನು ಚರ್ಮದ ಮೇಲೆಯೇ ಮಾರ್ಕರ್‌ನಲ್ಲಿ ಬರೆಯಿರಿ.

ನಾಲ್ವರನ್ನು ಕಲ್ಪಿಸಿಕೊಳ್ಳೋಣ. ಮುರಿದ ಮುಂಗೈ ಹಿಡಿದು ಜೋರಾಗಿ ಅಳುತ್ತಾ ನಡೆದು ಬಂದ ಮಹಿಳೆ. ತೊಡೆಯ ಮೂಳೆ ಮುರಿದು ಕಿರುಚುತ್ತಿರುವ ಯುವಕ. ಉಸಿರು 24, ನಾಡಿ ಸಿಗುತ್ತದೆ, ಹೇಳಿದ್ದನ್ನು ಕೇಳುತ್ತಾನೆ. ಮೈಮೇಲೆ ಗಾಯವೇ ಕಾಣದ, ಗೋಡೆಗೆ ಒರಗಿ ಸುಮ್ಮನೆ ಕುಳಿತ ವೃದ್ಧರು, ಉಸಿರು 36. ಶ್ವಾಸಮಾರ್ಗ ತೆರೆದರೂ ಉಸಿರು ಬಾರದ ಮಧ್ಯವಯಸ್ಕ. ಕ್ರಮವಾಗಿ ಹಸಿರು, ಹಳದಿ, ಕೆಂಪು, ಕಪ್ಪು. ಹೊಸಬರು ಓಡುವುದು ಕಿರುಚುವವನ ಕಡೆಗೆ. ಕಿರುಚಲು ಆತನಲ್ಲಿ ಉಸಿರಿದೆ. ಸದ್ದಿಲ್ಲದ ಅಜ್ಜನಲ್ಲಿ ಅದೂ ಇಲ್ಲ.

ಮಕ್ಕಳಿಗೆ ಲೆಕ್ಕ ಬೇರೆ. ಮಗು ಉಸಿರಾಡದೆ ನಾಡಿ ಮಾತ್ರ ಇದ್ದರೆ ಐದು ಸಲ ಉಸಿರು ಕೊಟ್ಟು ನೋಡಬೇಕು. ಉಸಿರಾಟ ನಿಮಿಷಕ್ಕೆ 15ಕ್ಕಿಂತ ಕಡಿಮೆ ಅಥವಾ 45ಕ್ಕಿಂತ ಹೆಚ್ಚಿದ್ದರೆ ಕೆಂಪು.

ಕಪ್ಪು ಚೀಟಿ ಮರಣ ಪ್ರಮಾಣಪತ್ರವಲ್ಲ. ಮರಣ ಘೋಷಿಸುವವರು ವೈದ್ಯರು. ಕೈಗಳು ಬಿಡುವಾದಾಗ ಅಲ್ಲಿಗೂ ಮತ್ತೆ ಹೋಗಿ ನೋಡಬೇಕು. ಹಳದಿಯವರು ಅರ್ಧ ಗಂಟೆಯಲ್ಲಿ ಕೆಂಪಾಗಬಹುದು, ಹಸಿರಿನ ಗುಂಪಿನಲ್ಲಿ ಹೊಟ್ಟೆಯೊಳಗೆ ರಕ್ತ ಸೋರುತ್ತಿರುವವರು ಇರಬಹುದು. ವಿಂಗಡಣೆ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ.

ಹಂತ 6: ವಿಷ, ಅನಿಲ, ಮಣ್ಣಿನಡಿ ಸಿಕ್ಕವರು

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಗುಡ್ಡದ ಸೀಮೆಯಿಂದ ರೋಗಿಗಳನ್ನು ಮೈಸೂರಿನವರೆಗೆ ಸಾಗಿಸಬೇಕಾಯಿತು. ಒಂದೇ ಊರಿನಿಂದ ಒಂದೇ ಹೊತ್ತಿಗೆ ವಾಂತಿ, ಜೊಲ್ಲು, ಬೆವರು, ಸೂಜಿಮೊನೆಯಂತೆ ಕಿರಿದಾದ ಕಣ್ಣಿನ ಪಾಪೆ ಇರುವವರು ಬಂದರೆ ಆಹಾರ ಹಳಸಿದ್ದು ಎಂದುಕೊಳ್ಳಬೇಡಿ. ಆರ್ಗನೊಫಾಸ್ಫೇಟ್ (ಒಂದು ಬಗೆಯ ಕೀಟನಾಶಕ) ವಿಷ ಎಂಬ ಸಂಶಯ ಮೊದಲು ಬರಲಿ.

ಒಳಗೆ ತರುವ ಮೊದಲು ಬಟ್ಟೆ ತೆಗೆಸಿ, ಸಾಬೂನು ನೀರಿನಲ್ಲಿ ಮೈ ತೊಳೆಯಿರಿ. ಮೈಮೇಲಿನ ರಾಸಾಯನಿಕದ ಬಹುಪಾಲು ಬಟ್ಟೆಯೊಂದಿಗೇ ಹೋಗುತ್ತದೆ. ಗ್ಲೌಸ್, ಮಾಸ್ಕ್, ಏಪ್ರನ್ ಇಲ್ಲದೆ ವಾಂತಿ, ಬಟ್ಟೆಗಳನ್ನು ಮುಟ್ಟಿದರೆ ಮುಂದಿನ ರೋಗಿ ನೀವೇ. ವೈದ್ಯರ ಆದೇಶದಂತೆ ಈ ವಿಷಕ್ಕೆ ಪ್ರತ್ಯೌಷಧವಾದ ಅಟ್ರೊಪಿನ್ ಕೊಡುವಾಗ ಗಮನ ಎದೆಯ ಮೇಲಿರಲಿ: ಶ್ವಾಸಕೋಶದ ಗೊರಗೊರ ಸದ್ದು ಒಣಗಿದೆಯೇ, ರಕ್ತದೊತ್ತಡ ಮತ್ತು ನಾಡಿ ಸರಿಯಾಗಿವೆಯೇ? ಪಾಪೆ ಹಿಗ್ಗುವುದನ್ನೊಂದನ್ನೇ ಕಾಯುವಂತಿಲ್ಲ.

ಭೂಕುಸಿತ, ಕಟ್ಟಡ ಕುಸಿತಗಳಲ್ಲಿ ಗಂಟೆಗಟ್ಟಲೆ ಕಾಲು ಜಜ್ಜಿಹೋಗಿ ಸಿಕ್ಕಿಕೊಂಡವರ ಕಥೆ ಬೇರೆ. ಭಾರ ಎತ್ತಿದ ಕೂಡಲೇ, ಸತ್ತ ಸ್ನಾಯುಗಳಲ್ಲಿದ್ದ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು, ಮೂತ್ರಪಿಂಡ ಕೆಡಬಹುದು. ಆದ್ದರಿಂದ ಸಾಧ್ಯವಾದರೆ ಭಾರ ಎತ್ತುವ ಮೊದಲೇ ನಾರ್ಮಲ್ ಸಲೈನ್ ಆರಂಭಿಸಬೇಕು. ಪೊಟ್ಯಾಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಇಲ್ಲಿ ಬೇಡ. ಮೂತ್ರ ಕೋಕಾಕೋಲಾ ಬಣ್ಣಕ್ಕೆ ತಿರುಗಿದರೆ ತಕ್ಷಣ ತಿಳಿಸಿ.

ಹಂತ 7: ದಾಖಲೆ, ಗುರುತು, ಗುಟ್ಟು

ಹೆಸರು ಹೇಳಲಾಗದವರಿಗೆ 'ಅಪರಿಚಿತ ಪುರುಷ 1', 'ಅಪರಿಚಿತ ಮಹಿಳೆ 2' ಎಂದು ಸಂಖ್ಯೆ ಕೊಟ್ಟು, ಮಚ್ಚೆ, ಹಚ್ಚೆ, ಬಟ್ಟೆಯ ಬಣ್ಣ ಬರೆದಿಡಿ. ಆಭರಣ, ಪರ್ಸು, ಮೊಬೈಲ್‌ಗಳನ್ನು ಇಬ್ಬರ ಎದುರಿನಲ್ಲಿ ಪಟ್ಟಿ ಮಾಡಿ ಸಹಿ ಹಾಕಿಸಿ. ಇಂಥ ಪ್ರಕರಣಗಳು ವೈದ್ಯಕೀಯ–ಕಾನೂನು ಪ್ರಕರಣಗಳಾಗುವುದರಿಂದ ಕತ್ತರಿಸಿ ತೆಗೆದ ಬಟ್ಟೆಯನ್ನೂ ಎಸೆಯಬಾರದು. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಉರುಳಿ 158 ಮಂದಿ ಸತ್ತು, 8 ಮಂದಿ ಮಾತ್ರ ಉಳಿದರು. ಸುಟ್ಟ ದೇಹಗಳ ಗುರುತಿಗೆ ಡಿಎನ್‌ಎ ಪರೀಕ್ಷೆಯ ಮೊರೆ ಹೋಗಬೇಕಾಯಿತು. ಕಾಯುತ್ತಿರುವ ಕುಟುಂಬಕ್ಕೆ ಒಂದು ಉಂಗುರದ ವಿವರವೂ ದೊಡ್ಡದು.

ಗಾಯಾಳುಗಳ ಫೋಟೊ ತೆಗೆಯಬೇಡಿ, ಹಂಚಬೇಡಿ. ಮಾಧ್ಯಮದವರ ಜೊತೆ ಮಾತನಾಡುವವರು ಆಸ್ಪತ್ರೆ ಗೊತ್ತುಮಾಡಿದ ಒಬ್ಬರೇ.

ಹಂತ 8: ಕಾಳಜಿ ಕೇಂದ್ರದಲ್ಲಿ

ಟಿವಿ ಕ್ಯಾಮೆರಾಗಳು ಹೊರಟ ಮೇಲೆ ದಾದಿಯ ಅತಿ ದೀರ್ಘ ಕೆಲಸ ಆರಂಭವಾಗುತ್ತದೆ. ಶಾಲೆ, ಕಲ್ಯಾಣ ಮಂಟಪಗಳಲ್ಲಿ ತೆರೆಯುವ ಕಾಳಜಿ ಕೇಂದ್ರದಲ್ಲಿ ಗಾಯಕ್ಕಿಂತ ನೀರು, ಶೌಚಾಲಯ, ತಪ್ಪಿದ ಮಾತ್ರೆಗಳು ಹೆಚ್ಚು ತೊಂದರೆ ಕೊಡುತ್ತವೆ.

ನೀರಿನಿಂದ ಆರಂಭಿಸಿ. ಅಂತರರಾಷ್ಟ್ರೀಯ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನರಿಗೊಂದು ಶೌಚಾಲಯ, ಮಲಗಲು ತಲಾ 3.5 ಚದರ ಮೀಟರ್ ಜಾಗ ಬೇಕು. ಟ್ಯಾಂಕರ್ ನೀರಿಗೆ ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಟ್ಟು, ನಲ್ಲಿಯ ತುದಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಇದೆಯೇ ಎಂದು ಪರೀಕ್ಷಿಸಿ. ಹೆಂಗಸರ ಶೌಚಾಲಯಕ್ಕೆ ಬೇರೆ ದಾರಿ, ಒಳಗೆ ಚಿಲಕ, ಹೊರಗೆ ದೀಪ ಇವೆಯೇ ನೋಡಿ. ಕತ್ತಲೆಗೆ ಹೆದರಿ ನೀರು ಕುಡಿಯುವುದನ್ನೇ ಬಿಡುವ ಹೆಂಗಸರು ಮೂರನೆಯ ದಿನ ಉರಿಮೂತ್ರದೊಂದಿಗೆ ನಿಮ್ಮ ಮುಂದೆ ಕೂರುತ್ತಾರೆ.

ಮೊದಲ ದಿನವೇ ನೋಂದಣಿ ಮಾಡಿ: ಕ್ಷಯ, ಎಚ್‌ಐವಿ, ಮೂರ್ಛೆರೋಗ, ರಕ್ತದೊತ್ತಡ, ಮಧುಮೇಹಗಳ ಮಾತ್ರೆ ಮನೆಯಲ್ಲೇ ಉಳಿದವರು ಯಾರು? ಒಂದು ದಿನ ತಡವಾದರೂ ತೊಂದರೆಯಾಗುವವರ ಹೆಸರಿನ ಕೆಳಗೆ ಗೆರೆ ಎಳೆಯಿರಿ. ಎಚ್‌ಐವಿ ವಿಚಾರವನ್ನು ಸಾಲಿನಲ್ಲಿ ನಿಲ್ಲಿಸಿ ಕೇಳಬಾರದೆಂದು ಬೇರೆ ಹೇಳಬೇಕಿಲ್ಲ.

ಭೇದಿ ಕಂಡರೆ ಒಂದು ಪೊಟ್ಟಣ ಒಆರ್‌ಎಸ್ ಒಂದು ಲೀಟರ್ ಶುದ್ಧ ನೀರಿಗೆ, ಲೋಟಕ್ಕಲ್ಲ; ಮಕ್ಕಳಿಗೆ ಜೊತೆಗೆ 14 ದಿನ ಜಿಂಕ್. ಒಂದೇ ಕೋಣೆಯಿಂದ ಹಲವರಿಗೆ ಭೇದಿಯಾದರೆ ಅದೇ ದಿನ ವರದಿ ಮಾಡಿ. ಕಿಕ್ಕಿರಿದ ಜಾಗದಲ್ಲಿ ದಡಾರ ಬೇಗ ಹರಡುವುದರಿಂದ ಮಕ್ಕಳ ಲಸಿಕೆ ಕಾರ್ಡ್ ನೋಡಿ. ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಬಂದರೆ ಇಲಿಜ್ವರದ ಸಂಶಯವಿರಲಿ. ನೆರೆ ಇಳಿದು ಮನೆಗೆ ಮರಳಿದವರಿಗೆ ಹಾವಿನ ಕಡಿತ ಆಗುವುದುಂಟು. ಕಚ್ಚಿದ ಕಡೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ, ಅಂಗ ಅಲುಗಾಡದಂತೆ ಮಾಡಿ ವಿಷನಿರೋಧಕ ಚುಚ್ಚುಮದ್ದು ಇರುವಲ್ಲಿಗೆ ಕಳಿಸಿ. ದಾನಿಗಳು ತಂದ ಹಾಲಿನ ಪುಡಿಯನ್ನು ಎದೆಹಾಲುಣಿಸುವ ತಾಯಂದಿರಿಗೆ ಹಂಚಲು ಬಿಡಬೇಡಿ. ಕೊಳಕು ನೀರು, ತೊಳೆಯದ ಬಾಟಲಿ ಸೇರಿದರೆ ಆ ದಾನವೇ ಮಗುವಿಗೆ ಕಾಯಿಲೆ.

ಹಂತ 9: ಮನಸ್ಸಿನ ಪ್ರಥಮ ಚಿಕಿತ್ಸೆ

ನೋಡಿ, ಕೇಳಿಸಿಕೊಳ್ಳಿ, ಜೋಡಿಸಿ. ಯಾರು ಕಂಗಾಲಾಗಿದ್ದಾರೆ ಎಂದು ನೋಡುವುದು. ಅವರು ಹೇಳಿದರೆ ಕೇಳುವುದು. ಊಟ, ಬಂಧುಗಳು, ಸೇವೆಗಳಿಗೆ ಜೋಡಿಸುವುದು. ಆದದ್ದನ್ನೆಲ್ಲ ಹೇಳಿಸಲು ಒತ್ತಾಯಿಸಬಾರದು. 'ಎಲ್ಲ ದೇವರ ಇಚ್ಛೆ', 'ನೀವಾದರೂ ಉಳಿದಿರಲ್ಲ' ಎಂಬ ಮಾತುಗಳು ಹೇಳುವವರಿಗೆ ಸಮಾಧಾನ ಕೊಡುತ್ತವೆ, ಕೇಳುವವರಿಗಲ್ಲ. ಮನೆ, ತೋಟ ಕಳೆದುಕೊಂಡವರಿಗೆ ನಿದ್ರೆ ಬಾರದಿರುವುದು, ಬೆಚ್ಚಿಬೀಳುವುದು ಮೊದಲ ವಾರಗಳಲ್ಲಿ ಸಹಜ. ವಾರಗಳು ಕಳೆದರೂ ಕಡಿಮೆಯಾಗದಿದ್ದರೆ, ಸಾಯುವ ಮಾತು ಬಂದರಂತೂ ಕೂಡಲೇ, ಮನೋವೈದ್ಯರ ಬಳಿ ಕಳಿಸಿ. 14416 ಸಂಖ್ಯೆಯ ಟೆಲಿ ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆ ನಿಮಗೂ ಇರುವುದೇ.

ಹಂತ 10: ವಿದ್ಯಾರ್ಥಿಯ ಮಿತಿ ಮತ್ತು ಕೊನೆಯ ಸಭೆ

ನೀವಿನ್ನೂ ನೋಂದಾಯಿತ ಶುಶ್ರೂಷಕರಲ್ಲ. ಕಲಿಯದ ಕೆಲಸಕ್ಕೆ ಕೈಹಾಕಬೇಡಿ, ಕೇಳದೆ ಘಟನಾ ಸ್ಥಳಕ್ಕೆ ಓಡಬೇಡಿ. ಹಸಿರು ವಿಭಾಗ ನೋಡಿಕೊಳ್ಳುವುದು, ನಾಡಿ–ಉಸಿರು ಎಣಿಸಿ ಬರೆಯುವುದು, ಗಾಯಕ್ಕೆ ಒತ್ತಡ ಹಿಡಿಯುವುದು, ರಕ್ತದ ಮಾದರಿ ಓಡಿಸುವುದು, ಕಳೆದುಹೋದ ಮಗುವಿನ ಜೊತೆ ಕೂರುವುದು ಇವೆಲ್ಲ ನೀವು ಮಾಡಬಲ್ಲಿರಿ. ಇವನ್ನು ನೀವು ಮಾಡಿದಷ್ಟೂ ಹಿರಿಯ ಸಿಸ್ಟರ್‌ಗಳ ಕೈ ಕೆಂಪು ವಿಭಾಗಕ್ಕೆ ಬಿಡುವಾಗುತ್ತದೆ. ಎಂಟು ಗಂಟೆ ಕಳೆದ ಮೇಲೆ ಪಾಳಿ ಬಿಟ್ಟು ಮಲಗಿ. ನಿದ್ದೆಗಣ್ಣಿನಲ್ಲಿ ಲೆಕ್ಕ ಹಾಕಿದ ಔಷಧದ ಪ್ರಮಾಣ ಯಾರಿಗೂ ಬೇಡ.

ಎಲ್ಲ ಮುಗಿದ ವಾರದೊಳಗೆ ಪರಾಮರ್ಶೆಯ ಸಭೆ ನಡೆಯಬೇಕು. ಕರೆ ಬಂದದ್ದು ಎಷ್ಟು ಗಂಟೆಗೆ, ಮೊದಲ ರೋಗಿ ಎಷ್ಟು ಗಂಟೆಗೆ, ಯಾವ ಸಾಮಗ್ರಿ ಮೊದಲು ಮುಗಿಯಿತು, ಯಾರ ಫೋನ್ ತಗಲಲಿಲ್ಲ, ಯಾವ ಬಾಗಿಲಲ್ಲಿ ನೂಕುನುಗ್ಗಲಾಯಿತು? ಬೈಯಲು ಅಲ್ಲ, ಯೋಜನೆ ತಿದ್ದಲು ಈ ಪ್ರಶ್ನೆಗಳು. ನೀವು ಆ ರಾತ್ರಿ ಬರೆದಿಟ್ಟ ಸಮಯಗಳನ್ನು ಅಲ್ಲಿಗೆ ಒಯ್ಯಿರಿ, ಕಪಾಟಿನಲ್ಲಿ ಖಾಲಿಯಾದ ಸಾಮಗ್ರಿಗಳ ಬೇಡಿಕೆ ಪಟ್ಟಿಗೆ ಅದೇ ಸಭೆಯಲ್ಲಿ ಸಹಿ ಹಾಕಿಸಿಕೊಳ್ಳಿ.